ಚಳಿಗಾಲದಲ್ಲಿ ಬಿಸಿನೀರಿನ ಬಯಲು ಈಜುಕೊಳ: ಇಳಿಯುವ ಮುನ್ನ, ಈಜುವಾಗ, ಎದ್ದ ಮೇಲೆ

ಬಿಸಿ ಮಾಡಿದ ನೀರಿನ ಬಯಲು ಕೊಳದಲ್ಲಿ ಚಳಿಗಾಲದಲ್ಲಿ ಈಜುವುದು ಅಷ್ಟೇನೂ ಕಷ್ಟವಲ್ಲ. ಕಷ್ಟ ಇರುವುದು ನೀರಿನಿಂದ ಎದ್ದು ಒಣಬಟ್ಟೆ ಹಾಕಿಕೊಳ್ಳುವ ತನಕದ ಐದು ನಿಮಿಷದಲ್ಲಿ. ನೀರು 28 ಡಿಗ್ರಿ, ಹೊರಗೆ 13 ಡಿಗ್ರಿ, ಮೈಯೆಲ್ಲ ಒದ್ದೆ, ಜೊತೆಗೆ ಗಾಳಿ. ಹೆಚ್ಚಿನವರು ಇಳಿಯುವಾಗ ಹೆದರುತ್ತಾರೆ, ಏಳುವಾಗ ಏನು ಮಾಡಬೇಕು ಎಂದು ಯೋಚಿಸಿರುವುದೇ ಇಲ್ಲ. ಅದಕ್ಕೇ ಇಲ್ಲಿನ ಸಿದ್ಧತೆಯೆಲ್ಲ ಆ ಐದು ನಿಮಿಷದ ಸುತ್ತಲೇ ಇದೆ.

ಇಲ್ಲಿ ಚಳಿ ಎಂದರೆ ಹಗಲಿನಲ್ಲಿ ಸುಮಾರು 10ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವ ಹದವಾದ ಚಳಿ. ನೆಲದೊಳಗಿಂದ ಬಿಸಿನೀರು ಸಿಗುವ ಐಸ್‌ಲ್ಯಾಂಡಿನಂಥ ಕಡೆ ಹಿಮ ಬೀಳುವಾಗಲೂ ಬಯಲು ಕೊಳಗಳು ತೆರೆದಿರುತ್ತವೆ. ಅಷ್ಟು ಚಳಿಗೆ ಇಲ್ಲಿ ಹೇಳಿದ್ದು ಸಾಲದು.

ಹಂತ 1: ನೀರು ಎಷ್ಟು ಡಿಗ್ರಿ ಇದೆ ಎಂದು ತಿಳಿದುಕೊಳ್ಳಿ

"ಬಿಸಿನೀರಿನ ಪೂಲ್" ಎಂದ ಕೂಡಲೇ ಸ್ನಾನದ ನೀರು ನೆನಪಾಗುತ್ತದೆ, ಅಲ್ವಾ? ಹಾಗೆ ಅಂದುಕೊಂಡು ಹೋದರೆ ನಿರಾಶೆ ಖಂಡಿತ. ಅಂತರರಾಷ್ಟ್ರೀಯ ಈಜು ಸ್ಪರ್ಧೆಗಳ ಕೊಳದಲ್ಲಿ ನೀರು 25ರಿಂದ 28 ಡಿಗ್ರಿ ಇರಬೇಕು ಎಂಬ ನಿಯಮವಿದೆ. ಸಾರ್ವಜನಿಕ ಕೊಳಗಳು ಸಾಮಾನ್ಯವಾಗಿ ಇದರ ಆಸುಪಾಸಿನಲ್ಲೇ ಇರುತ್ತವೆ. ಕೈ ಅದ್ದಿ ನೋಡಿದರೆ ತಣ್ಣಗೇ ಅನಿಸುತ್ತದೆ.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖ ಎಳೆದುಕೊಳ್ಳುತ್ತದೆ. 28 ಡಿಗ್ರಿ ಗಾಳಿಯಲ್ಲಿ ಬರೀ ಮೈಯಲ್ಲಿ ಹಾಯಾಗಿ ಕೂರಬಹುದು. ಅದೇ 28 ಡಿಗ್ರಿ ನೀರಿನಲ್ಲಿ ಅಲುಗಾಡದೆ ನಿಂತರೆ ಸ್ವಲ್ಪ ಹೊತ್ತಿಗೆ ಚಳಿ ಹತ್ತುತ್ತದೆ. ಸುಮ್ನೆ ನಿಂತವರ ಮೈ ಶಾಖ ಕಳೆದುಕೊಳ್ಳದೆ ಇರಬೇಕಾದರೆ ನೀರು 33ರಿಂದ 35 ಡಿಗ್ರಿ ಇರಬೇಕು. ಈಜುವವರಿಗೆ ಅಷ್ಟು ಬೇಡ, ಯಾಕೆಂದರೆ ಕೈಕಾಲು ಆಡಿಸಿದಷ್ಟೂ ಒಳಗೆ ಶಾಖ ಹುಟ್ಟುತ್ತದೆ. ಹಾಗಾಗಿ "ಎಷ್ಟು ಬಿಸಿ ಇದ್ದರೆ ಒಳ್ಳೆಯದು" ಎಂಬುದಕ್ಕೆ ಉತ್ತರ ನೀವು ಅಲ್ಲಿ ಏನು ಮಾಡುತ್ತೀರಿ ಎಂಬುದರ ಮೇಲಿದೆ.

ಬಿಡದೆ ಲ್ಯಾಪ್ ಹೊಡೆಯುವವರಿಗೆ 26ರಿಂದ 28 ಸಾಕು. ನಿಧಾನವಾಗಿ, ನಡುನಡುವೆ ನಿಂತು ಈಜುವವರಿಗೆ 28ರಿಂದ 30 ಹಿತ. ಮಕ್ಕಳು, ಈಗಷ್ಟೇ ಕಲಿಯುತ್ತಿರುವವರು, ವಯಸ್ಸಾದವರು, ನೀರಿನಲ್ಲಿ ನಿಂತು ವ್ಯಾಯಾಮ ಮಾಡುವವರು 30ರಿಂದ 32 ಇರುವ ಕೊಳ ಹುಡುಕುವುದು ಒಳ್ಳೆಯದು. ಅದಕ್ಕೂ ಬಿಸಿ ಇದ್ದರೆ ಜೋರಾಗಿ ಈಜಬೇಡಿ. ಮೈಯಲ್ಲಿ ಹುಟ್ಟಿದ ಶಾಖ ಹೊರಗೆ ಹೋಗಲು ದಾರಿ ಇರುವುದಿಲ್ಲ, ತಲೆ ಸುತ್ತು ಬರುತ್ತದೆ. ಸಮುದ್ರ, ಕೆರೆಗಳಲ್ಲಿ ನಡೆಯುವ ದೂರದ ಈಜು ಸ್ಪರ್ಧೆಗಳಿಗೆ 31 ಡಿಗ್ರಿ ಮೇಲ್ಮಿತಿ ಇಟ್ಟಿರುವುದು ಇದೇ ಕಾರಣಕ್ಕೆ.

ಬೋರ್ಡಿನ ಮೇಲೆ ಬರೆದ ಸಂಖ್ಯೆ ಯಾವಾಗ ಅಳೆದದ್ದು ಎಂದು ಕೇಳಿ. ಬೆಳಿಗ್ಗೆ ಬರೆದದ್ದನ್ನು ಸಂಜೆವರೆಗೆ ಒರೆಸದ ಕೊಳಗಳೂ ಉಂಟು. ಹೀಟರ್ ಕೆಟ್ಟಿದೆ, "ಆದರೂ ಪರವಾಗಿಲ್ಲ, ಇಳಿಯಿರಿ" ಎಂದರೆ ವಾಪಸ್ ಬನ್ನಿ. 15 ಡಿಗ್ರಿಗಿಂತ ಕೆಳಗಿನ ನೀರಿಗೆ ಒಮ್ಮೆಲೇ ಇಳಿದರೆ ತಾನಾಗೇ ಏದುಸಿರು ಬರುತ್ತದೆ, ಎದೆಬಡಿತ ಏರುತ್ತದೆ. ಆ ಏದುಸಿರಿನ ಹೊತ್ತಿಗೆ ಬಾಯಿ ನೀರಿನೊಳಗಿದ್ದರೆ ಅಪಾಯ. ತಣ್ಣೀರಿನ ಈಜಿಗೆ ಬೇರೆಯದೇ ಅಭ್ಯಾಸ ಬೇಕು.

ಹಂತ 2: ಗಾಳಿ, ಮಂಜು, ಹೊತ್ತು ನೋಡಿ

ಹವಾಮಾನ ನೋಡುವಾಗ ಎಲ್ಲರೂ ಡಿಗ್ರಿ ನೋಡುತ್ತಾರೆ. ನನ್ನನ್ನು ಕೇಳಿದರೆ ಗಾಳಿಯ ವೇಗ ಮೊದಲು ನೋಡಿ. ಗಾಳಿಯಿಲ್ಲದ 11 ಡಿಗ್ರಿಗಿಂತ ಗಾಳಿ ಬೀಸುವ 15 ಡಿಗ್ರಿ ಒದ್ದೆ ಮೈಗೆ ಜಾಸ್ತಿ ಕಾಟ ಕೊಡುತ್ತದೆ. ಮೈಮೇಲಿನ ನೀರು ಆವಿಯಾಗುವಾಗ ಪ್ರತಿ ಗ್ರಾಂ ನೀರೂ ಚರ್ಮದಿಂದ ಸಾಕಷ್ಟು ಶಾಖ ಕಿತ್ತುಕೊಂಡು ಹೋಗುತ್ತದೆ. ಗಾಳಿ ಬೀಸಿದಷ್ಟೂ ಅದು ಬೇಗ ನಡೆಯುತ್ತದೆ.

ದಿನದಲ್ಲಿ ಗಾಳಿ ಹೆಚ್ಚು ಬೆಚ್ಚಗಿರುವುದು ಮಧ್ಯಾಹ್ನ ಎರಡರಿಂದ ಮೂರರ ಆಸುಪಾಸು. ಹೊಸಬರು ಹನ್ನೆರಡರಿಂದ ಮೂರರ ಒಳಗೆ ಹೋಗಿ. ಮೇಲೆ ಬಂದಾಗ ಬಿಸಿಲು ಮೈಗೆ ಬಿದ್ದರೆ ಆ ಐದು ನಿಮಿಷದ ಕಷ್ಟ ಅರ್ಧ ಇಳಿಯುತ್ತದೆ.

ಬೆಳಿಗ್ಗೆ ಬೇಗ ಹೋದರೆ ನೀರಿನ ಮೇಲೆ ಹಬೆ ಕವಿದಿರುತ್ತದೆ. ಬೆಚ್ಚಗಿನ ನೀರಿನ ಆವಿ ತಣ್ಣನೆಯ ಗಾಳಿಗೆ ತಾಗಿ ಮಂಜಾಗುತ್ತದೆ, ಅಷ್ಟೇ. ನೋಡಲು ಚೆಂದ, ಫೋಟೋಗೂ ಚೆಂದ. ಆದರೆ ಅದು ಲೈಫ್‌ಗಾರ್ಡ್ ಕಣ್ಣು ಮುಚ್ಚಿಸುತ್ತದೆ. ಇದಕ್ಕೊಂದು ಸರಳ ಪರೀಕ್ಷೆ ಇದೆ. ದಡದಲ್ಲಿ ನಿಂತು ನೋಡಿ: ಕೊಳದ ಆಚೆ ತುದಿ ಕಾಣಬೇಕು, ತಳ ಕಾಣಬೇಕು, ಲೈಫ್‌ಗಾರ್ಡ್ ಕೂತಿರುವ ಜಾಗ ಕಾಣಬೇಕು. ಮೂರರಲ್ಲಿ ಒಂದು ಕಾಣದಿದ್ದರೂ ಕಾಯಿರಿ. ಬಿಸಿಲೇರಿದಂತೆ ಹಬೆ ತೆಳುವಾಗುತ್ತದೆ.

ಸಣ್ಣ ಮಳೆಯಲ್ಲಿ ಈಜಬಹುದು, ಮಜವೂ ಇರುತ್ತದೆ, ಟವೆಲ್ ಒದ್ದೆಯಾಗದಂತೆ ನೋಡಿಕೊಂಡರೆ ಆಯಿತು. ಗುಡುಗು ಕೇಳಿಸಿದರೆ ಮಾತ್ರ ತಕ್ಷಣ ಹೊರಬಂದು ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವ ತನಕ ಮತ್ತೆ ಇಳಿಯಬೇಡಿ.

ಹಂತ 3: ಚೀಲ ತುಂಬುವ ಕ್ರಮ

ಚೀಲದಲ್ಲಿ ಏನಿರಬೇಕು ಎನ್ನುವುದಕ್ಕಿಂತ ಯಾವುದು ಯಾವುದರ ಮೇಲಿರಬೇಕು ಎನ್ನುವುದು ಮುಖ್ಯ. ಎದ್ದ ಮೇಲೆ ಮೊದಲು ಬೇಕಾದದ್ದು ಮೇಲಿರಲಿ, ಕೊನೆಗೆ ಬೇಕಾದದ್ದು ತಳದಲ್ಲಿರಲಿ.

ಕಾರಣ ಬೆರಳುಗಳು. ಮೇಲೆ ಬಂದು ಎರಡು ನಿಮಿಷಕ್ಕೆ ಬೆರಳ ತುದಿ ಮರಗಟ್ಟುತ್ತದೆ. ಶರ್ಟಿನ ಗುಂಡಿ ಕೈಯಲ್ಲಿದೆ, ಆದರೆ ಹಿಡಿದಂತೆ ಅನಿಸುವುದಿಲ್ಲ. ಕಾಜದ ಹತ್ತಿರ ತಂದರೆ ಜಾರುತ್ತದೆ. ಜಿಪ್ಪಿನ ತುದಿ ಸೇರಿಸಲು ಹೋದರೆ ಮೂರು ಸಲವೂ ತಪ್ಪುತ್ತದೆ. ಬಿಗಿ ಜೀನ್ಸ್ ಒದ್ದೆ ತೊಡೆಯ ಮೇಲೆ ಅರ್ಧಕ್ಕೇ ನಿಂತುಬಿಡುತ್ತದೆ. ಅಷ್ಟು ಹೊತ್ತೂ ಬೆನ್ನಿಗೆ ಗಾಳಿ. ಹಾಗಾಗಿ ಗುಂಡಿ, ಲೇಸು, ಬಿಗಿ ಬಟ್ಟೆ ಯಾವುದೂ ಬೇಡ. ತಲೆ ಮೇಲಿಂದ ಎಳೆದುಕೊಳ್ಳುವ ಸಡಿಲ ಟೀಶರ್ಟ್, ಅದರ ಮೇಲೆ ದಪ್ಪ ಸ್ವೆಟರ್, ಸೊಂಟಕ್ಕೆ ಎಲಾಸ್ಟಿಕ್ ಇರುವ ಪ್ಯಾಂಟು. ಇಷ್ಟಿದ್ದರೆ ಮರಗಟ್ಟಿದ ಕೈಯಲ್ಲೂ ನಿಮಿಷದೊಳಗೆ ಹಾಕಿಕೊಳ್ಳಬಹುದು.

ಎಲ್ಲಕ್ಕಿಂತ ಮೇಲೆ ದೊಡ್ಡ ಟವೆಲ್ ಅಥವಾ ಟೋಪಿ ಇರುವ ಟವೆಲ್ ನಿಲುವಂಗಿ. ಅದರ ಕೆಳಗೆ ಉಣ್ಣೆ ಟೋಪಿ, ಆಮೇಲೆ ಮೇಲಂಗಿಗಳು, ಆಮೇಲೆ ಪ್ಯಾಂಟು, ಕಾಲುಚೀಲ. ತಲೆಗೆ ಇನ್ನೊಂದು ಸಣ್ಣ ಟವೆಲ್ ಬೇರೆಯಾಗಿ ಇರಲಿ. ದೊಡ್ಡದು ಒಂದೇ ಇದ್ದರೆ ತಲೆ ಒರೆಸುವ ಹೊತ್ತಿಗೆ ಅದು ನೆನೆದಿರುತ್ತದೆ. ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಫ್ಲಾಸ್ಕಿನಲ್ಲಿ ಏನಾದರೂ ಬಿಸಿ ಪಾನೀಯ. ರಬ್ಬರ್ ಚಪ್ಪಲಿ ಚೀಲದಲ್ಲಿ ಬೇಡ, ಕೊಳದ ಅಂಚಿನಲ್ಲೇ ಇರಲಿ.

ಚೀಲ ಇಡುವ ಜಾಗವನ್ನೂ ಆರಿಸಿ. ನೀವು ಹತ್ತಿ ಬರುವ ಏಣಿಗೆ ಹತ್ತಿರ, ಗಾಳಿಯ ಮರೆಗೆ, ನೀರು ಚಿಮ್ಮದ ಕಡೆ. ಬಟ್ಟೆ ಬದಲಿಸುವ ಕೋಣೆ ದೂರ ಇದ್ದರೆ ಟವೆಲ್ ಮತ್ತು ಚಪ್ಪಲಿ ಮಾತ್ರ ದಡಕ್ಕೆ ತನ್ನಿ.

ಹಂತ 4: ತಲೆ, ಕಣ್ಣು, ಮೈ

ಮೈಯ ಅರ್ಧಕ್ಕರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ಸುಳ್ಳು. ತಲೆಯ ಪಾಲು ಹೆಚ್ಚುಕಡಿಮೆ ಹತ್ತರಲ್ಲಿ ಒಂದು. ಆದರೆ ಈ ಕೊಳದಲ್ಲಿ ಮೈಯೆಲ್ಲ ಬೆಚ್ಚಗಿನ ನೀರಿನಲ್ಲಿದ್ದು, ಒದ್ದೆಯಾಗಿ ಗಾಳಿಗೆ ಒಡ್ಡಿಕೊಂಡಿರುವುದು ತಲೆ ಒಂದೇ. ಹಾಗಾಗಿ ಈಜು ಕ್ಯಾಪ್ ಬೇಕೇ ಬೇಕು. ತೆಳು ಲೇಟೆಕ್ಸಿಗಿಂತ ಸಿಲಿಕೋನ್ ಕ್ಯಾಪ್ ದಪ್ಪ, ಹೆಚ್ಚು ಬೆಚ್ಚಗೆ. ಕಿವಿ ಮುಚ್ಚುವಂತೆ ಕೆಳಗೆ ಎಳೆದುಕೊಳ್ಳಿ.

ಚಳಿಯಲ್ಲಿ ಗಾಗಲ್ಸ್ ಬೇಗ ಮಸುಕಾಗುತ್ತದೆ. ಒಳಗೆ ಮುಖದ ಶಾಖ ಮತ್ತು ಬೆವರು, ಹೊರಗೆ ತಣ್ಣನೆಯ ಗಾಳಿ. ಗೋಡೆ ಹಿಡಿದು ಅರ್ಧ ನಿಮಿಷ ನಿಂತರೆ ಸಾಕು, ಗಾಜಿನ ಒಳಮೈಗೆ ಸಣ್ಣ ಹನಿಗಳು ಕೂರುತ್ತವೆ. ಬೆರಳಿನಿಂದ ಒರೆಸಬೇಡಿ, ಒಳಗಿನ ಲೇಪ ಹೋಗುತ್ತದೆ. ಹಾಕಿಕೊಳ್ಳುವ ಮೊದಲು ಕೊಳದ ನೀರಿನಲ್ಲೇ ಅದ್ದಿ ತೆಗೆಯಿರಿ, ನಿಂತಾಗಲೆಲ್ಲ ಹಣೆಗೆ ಏರಿಸಬೇಡಿ. ಮಸುಕಾದರೆ ಒಂದಿಷ್ಟು ನೀರು ಒಳಗೆ ಬಿಟ್ಟು, ಕುಲುಕಿ, ಚೆಲ್ಲಿ. ಚಳಿಗಾಲದ ಸೂರ್ಯ ಕೆಳಗಿರುವುದರಿಂದ ಬೆಳಕು ನೇರ ಕಣ್ಣಿಗೇ ಹೊಡೆಯುತ್ತದೆ, ಮಧ್ಯಾಹ್ನಕ್ಕೆ ಬಣ್ಣದ ಗಾಜು ಒಳ್ಳೆಯದು. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಟ್ಟೇ ಇಳಿಯಿರಿ.

ಬೆಚ್ಚಗಿನ ನೀರಿಗೆ ವೆಟ್‌ಸೂಟ್ (ತಣ್ಣೀರಿಗೆಂದು ಹಾಕುವ ದಪ್ಪ ರಬ್ಬರಿನ ಉಡುಪು) ಬೇಡ. ಬೇಗ ಚಳಿ ಹತ್ತುವವರು ಮೈಗಂಟುವ ತುಂಬು ತೋಳಿನ ಈಜು ಅಂಗಿ ಹಾಕಬಹುದು. ಒಂದು ಮಾತು: ಆ ಅಂಗಿ ನೀರಿನೊಳಗೆ ಗೆಳೆಯ, ಹೊರಗೆ ಶತ್ರು. ಮೇಲೆ ಬಂದ ಕೂಡಲೇ ಅದನ್ನು ತೆಗೆಯಬೇಕು. ಇನ್ನು ಚಳಿಗಾಲ ಎಂದು ಸನ್‌ಸ್ಕ್ರೀನ್ ಬಿಡಬೇಡಿ. ಆ ದಿನದ ಯುವಿ ಸೂಚ್ಯಂಕ (ಬಿಸಿಲಿನ ನೇರಳಾತೀತ ಕಿರಣಗಳ ತೀವ್ರತೆಯ ಅಳತೆ) 3 ಅಥವಾ ಹೆಚ್ಚಿದ್ದರೆ ಮುಖ, ಕುತ್ತಿಗೆ, ಭುಜಕ್ಕೆ ಹಚ್ಚಿಕೊಳ್ಳಿ.

ಹಂತ 5: ಇಳಿಯುವ ಮೊದಲಿನ ಕಾಲು ಗಂಟೆ

ಹೊಟ್ಟೆ ಬಿರಿಯ ತಿಂದು ಇಳಿಯಬೇಡಿ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ಗಂಟೆ ಎರಡು ಗಂಟೆ ಮೊದಲು ಹಗುರಾಗಿ ಏನಾದರೂ ತಿಂದಿದ್ದರೆ ಸಾಕು. ಮದ್ಯ ಕುಡಿದು ಇಳಿಯುವ ಮಾತೇ ಇಲ್ಲ. ಅದು ಮೈ ಬಿಸಿಯಾದಂತೆ ಅನಿಸುವ ಹಾಗೆ ಮಾಡಿ, ನಿಜದಲ್ಲಿ ಚರ್ಮದ ಮೂಲಕ ಶಾಖ ಹೊರಗೆ ಬಿಡುತ್ತದೆ.

ಬಟ್ಟೆ ಮೈಮೇಲಿರುವಾಗಲೇ ಐದು ನಿಮಿಷ ಕೈಕಾಲು ಬಿಡಿಸಿ. ತೋಳು ತಿರುಗಿಸಿ, ಕಾಲು ಬೀಸಿ, ಮಂಡಿ ಬಗ್ಗಿಸಿ ಏಳಿ. ಬೆವರು ಬರುವಷ್ಟು ಬೇಡ.

ಆಮೇಲೆ ಶವರ್. ಇದನ್ನು ಚಳಿಗೆ ಹೆದರಿ ತಪ್ಪಿಸುವವರೇ ಜಾಸ್ತಿ. ಮೈಮೇಲಿನ ಬೆವರು, ಕೊಳೆ ನೀರಿಗಿಳಿದರೆ ಕ್ಲೋರಿನ್ ಅದರ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಕಣ್ಣು ಉರಿಸುವುದು, ಮೂಗಿಗೆ ಘಾಟು ಹೊಡೆಯುವುದು ಹೆಚ್ಚಾಗಿ ಅದೇ. ಹಾಗಾಗಿ ಮೊದಲು ಶವರ್, ಆಮೇಲೆ ಸನ್‌ಸ್ಕ್ರೀನ್. ಅದು ಚರ್ಮಕ್ಕೆ ಹಿಡಿಯಲು ಸ್ವಲ್ಪ ಸಮಯ ಕೊಡಿ. ಶವರ್ ನೀರು ಉಗುರುಬೆಚ್ಚಗಿದ್ದರೆ ಸಾಕು. ಸುಡು ಬಿಸಿನೀರು ಹೊಯ್ದುಕೊಂಡು ಬಂದರೆ 28 ಡಿಗ್ರಿ ನೀರು ಐಸಿನಂತೆ ಅನಿಸುತ್ತದೆ. ಶವರಿನಿಂದ ಕೊಳದ ಅಂಚಿನವರೆಗೆ ಟವೆಲ್ ಹೊದ್ದುಕೊಂಡೇ ಬನ್ನಿ.

ಹಂತ 6: ನೀರಿನೊಳಗೆ

ಸೊಂಟದ ತನಕ ಇಳಿದು "ಅಯ್ಯೋ" ಎನ್ನುತ್ತಾ ಕೈ ಮೇಲೆತ್ತಿ ನಿಲ್ಲುವವರನ್ನು ನೋಡಿದ್ದೀರಿ. ಅವರಿಗೇ ಎಲ್ಲರಿಗಿಂತ ಹೆಚ್ಚು ಚಳಿ. ಒದ್ದೆಯಾದ ಎದೆ ಬೆನ್ನು ಗಾಳಿಯಲ್ಲಿರುತ್ತದೆ, ಬೆಚ್ಚಗಿನ ನೀರು ಕೆಳಗಿರುತ್ತದೆ. ನೀರು ಬೆಚ್ಚಗಿದೆ ಎಂದು ಖಾತ್ರಿಯಾದ ಮೇಲೆ ಏಣಿ ಹಿಡಿದು, ಬಾಯಿಯಿಂದ ನಿಧಾನವಾಗಿ ಉಸಿರು ಬಿಡುತ್ತಾ, ಭುಜ ಮುಳುಗುವ ತನಕ ಒಂದೇ ಸಲಕ್ಕೆ ಇಳಿಯಿರಿ. ತಲೆಕೆಳಗಾಗಿ ಹಾರುವುದು ಬೇಡ, ಹಬೆ ಇದ್ದಾಗಲಂತೂ ಬೇಡವೇ ಬೇಡ.

ಮೊದಲ 200 ಮೀಟರ್ ಆರಾಮಾಗಿ. ಆಮೇಲೆ ಬೇಸಿಗೆಗೂ ಚಳಿಗಾಲಕ್ಕೂ ಇರುವ ವ್ಯತ್ಯಾಸ ನಿಲ್ಲುವುದರಲ್ಲಿದೆ. ಬೇಸಿಗೆಯಲ್ಲಿ ಪ್ರತಿ ತುದಿಯಲ್ಲೂ ಎರಡು ನಿಮಿಷ ನಿಂತು ಹರಟಬಹುದು. ಈಗ ಹಾಗೆ ನಿಂತರೆ ಹುಟ್ಟಿದ ಶಾಖವೆಲ್ಲ ಹೋಗುತ್ತದೆ. ದೂರ ಕಡಿಮೆ ಇಟ್ಟುಕೊಳ್ಳಿ, ನಿಲ್ಲುವ ಹೊತ್ತನ್ನೂ ಕಡಿಮೆ ಮಾಡಿ. ನಿಂತಾಗ ಮಂಡಿ ಬಗ್ಗಿಸಿ ಭುಜ ನೀರಿನೊಳಗೇ ಇರಲಿ.

ಸಾಧಾರಣ ಈಜು ಬಲ್ಲವರಿಗೆ ಒಂದು ಮಾದರಿ: 200 ಮೀಟರ್ ನಿಧಾನ. ನಂತರ 50 ಮೀಟರಿನಂತೆ 8 ಸಲ, ನಡುವೆ 15 ಸೆಕೆಂಡು ಬಿಡುವು. ನಂತರ 100 ಮೀಟರಿನಂತೆ 4 ಸಲ, ನಡುವೆ 20 ಸೆಕೆಂಡು. ಕೊನೆಗೆ 100 ಮೀಟರ್ ಹಗುರಾಗಿ. ಒಟ್ಟು 1,100 ಮೀಟರ್. ಹೊಸಬರಿಗೆ 15ರಿಂದ 20 ನಿಮಿಷ ಸಾಕು. ತಲೆ ಮೇಲೆತ್ತಿ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆಯಂತೆ ಕೈಕಾಲು ಬಿಡಿಸುವ ಈಜು) ಮಾಡಿದರೆ ಮುಖ, ಕುತ್ತಿಗೆ ಗಾಳಿಗೆ ಸಿಗುತ್ತವೆ. ಮುಖ ನೀರಿನಲ್ಲಿಟ್ಟು ಈಜಿದರೆ ಬೆಚ್ಚಗಿರುತ್ತದೆ.

ನೀರಿಗಿಳಿದ ಸ್ವಲ್ಪ ಹೊತ್ತಿಗೆ ಮೂತ್ರಕ್ಕೆ ಅವಸರವಾಗುವುದು ಸಹಜ. ನೀರಿನ ಒತ್ತಡಕ್ಕೆ ಕೈಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ, ದೇಹ ಅದನ್ನು ಹೆಚ್ಚಾದ ನೀರು ಎಂದು ತಿಳಿದು ಹೊರಹಾಕಲು ನೋಡುತ್ತದೆ. ಇಳಿಯುವ ಮೊದಲೇ ಹೋಗಿ ಬನ್ನಿ. ಬಾಯಾರಿಕೆ ಗೊತ್ತಾಗದಿದ್ದರೂ ಆಮೇಲೆ ನೀರು ಕುಡಿಯಿರಿ.

ಯಾವಾಗ ಏಳಬೇಕು? ಇನ್ನೂ ಬೆಚ್ಚಗಿರುವಾಗಲೇ. ಚಳಿ ಹತ್ತಿದ ಮೇಲೆ ಎದ್ದರೆ ಹೊರಗಿನ ಗಾಳಿಗೆ ಕೊಡಲು ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಒಂದು ಸುಲಭ ಪರೀಕ್ಷೆ: ಹೆಬ್ಬೆರಳಿನಿಂದ ಕಿರುಬೆರಳಿನ ತುದಿ ಮುಟ್ಟಿ. ತಡವರಿಸಿದರೆ ಸಮಯ ಮೀರಿದೆ. ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ ಕೂಡಲೇ ಪಕ್ಕದವರನ್ನು ಕರೆದು ಅವರ ನೆರವಿನಿಂದ ಹೊರಗೆ ಬನ್ನಿ.

ಹಂತ 7: ಆ ಐದು ನಿಮಿಷ

ಏಣಿಯ ಹತ್ತಿರ ಬಂದು, ನೀರಿನೊಳಗೇ ನಿಂತು, ಮುಂದಿನದನ್ನು ಮನಸ್ಸಿನಲ್ಲಿ ಒಮ್ಮೆ ಓಡಿಸಿಕೊಳ್ಳಿ. ಟವೆಲ್ ಎಲ್ಲಿದೆ, ಚಪ್ಪಲಿ ಎಲ್ಲಿದೆ. ಆಮೇಲೆ ಏಳಿ. ನಿಧಾನವಾಗಿ ಹತ್ತಿ, ಯಾಕೆಂದರೆ ನೀರಿನ ಒತ್ತಡ ಒಮ್ಮೆಲೇ ತಪ್ಪಿ ಕೆಲವರಿಗೆ ತಲೆ ಹಗುರಾಗುತ್ತದೆ. ಅಂಚಿನಲ್ಲಿ ಓಡಬೇಡಿ. ಬಿಸಿಲು ಬೀಳದ ಕಡೆ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಚಳಿಗೆ ಪಾದದ ಸ್ಪರ್ಶವೂ ಮಂದವಾಗಿರುತ್ತದೆ.

ಮೊದಲು ಚಪ್ಪಲಿ. ಅಂಗೈಯಿಂದ ತೋಳು, ತೊಡೆಯ ನೀರು ಒಮ್ಮೆ ಜಾಡಿಸಿ ಕೆಳಗಿಳಿಸಿ. ಇದು ಐದು ಸೆಕೆಂಡಿನ ಕೆಲಸ, ಆದರೆ ಟವೆಲಿನ ಅರ್ಧ ಕೆಲಸ ಇದರಲ್ಲೇ ಮುಗಿಯುತ್ತದೆ. ದೊಡ್ಡ ಟವೆಲ್ ಭುಜಕ್ಕೆ. ಕ್ಯಾಪ್ ತೆಗೆದು, ಸಣ್ಣ ಟವೆಲಿನಿಂದ ತಲೆ ಒತ್ತಿ ಒರೆಸಿ, ಉಣ್ಣೆ ಟೋಪಿ ಹಾಕಿ. ನಂತರ ಮರೆಗೆ ಹೋಗಿ ಒದ್ದೆ ಈಜುಬಟ್ಟೆಯ ಮೇಲ್ಭಾಗ ಮೊದಲು ತೆಗೆಯಿರಿ, ಎದೆ ಬೆನ್ನು ಒರೆಸಿ ಒಣ ಟೀಶರ್ಟ್, ಸ್ವೆಟರ್ ಹಾಕಿ. ಆಮೇಲೆ ಸೊಂಟದ ಕೆಳಗಿನದು. ಒದ್ದೆ ಈಜುಬಟ್ಟೆಯ ಮೇಲೇ ಪ್ಯಾಂಟು ಏರಿಸಿ ಮನೆಗೆ ಹೋಗುವ ಸೋಮಾರಿತನ ಬೇಡ, ಆ ಒದ್ದೆ ದಾರಿಯುದ್ದಕ್ಕೂ ಶಾಖ ಹೀರುತ್ತದೆ.

ಬಟ್ಟೆ ಹಾಕಿದ ಮೇಲೂ ಕೆಲವು ನಿಮಿಷ ಚಳಿ ಏರಿದಂತೆ ಅನಿಸಬಹುದು. ಮೈಯೊಳಗಿನ ಶಾಖ ತಣ್ಣಗಾದ ಚರ್ಮ, ಕೈಕಾಲಿನ ಕಡೆಗೆ ಇನ್ನೂ ಸರಿಯುತ್ತಿರುವುದರಿಂದ ಹೀಗಾಗುತ್ತದೆ. ಫ್ಲಾಸ್ಕ್ ತೆರೆಯಿರಿ, ಗುಟುಕು ಗುಟುಕಾಗಿ ಕುಡಿಯಿರಿ, ಸ್ವಲ್ಪ ಅಡ್ಡಾಡಿ. ತುಂಬ ನಡುಗುತ್ತಿದ್ದರೆ ಬಿಸಿ ಶವರಿಗೆ ಓಡಬೇಡಿ, ನಿಂತಲ್ಲೇ ತಲೆ ಸುತ್ತಿ ಬೀಳಬಹುದು. ನಡುಕ ನಿಂತ ಮೇಲೆ ಹದವಾದ ನೀರಿನಲ್ಲಿ ಕ್ಲೋರಿನ್ ತೊಳೆದು ಮಾಯಿಶ್ಚರೈಸರ್ ಹಚ್ಚಿಕೊಳ್ಳಿ.

ತಲೆ ಒದ್ದೆ ಇದ್ದರೆ ನೆಗಡಿ ಬರುತ್ತದೆ ಎಂದು ಹಿರಿಯರು ಗದರುತ್ತಾರೆ. ನೆಗಡಿ ತರುವುದು ವೈರಸ್, ಒದ್ದೆ ಕೂದಲಲ್ಲ. ಆದರೂ ಒಣಗಿಸಿಕೊಳ್ಳಿ, ಅವರ ಜೊತೆ ವಾದಕ್ಕಿಂತ ಅದು ಸುಲಭ, ಮೈಗೂ ಹಿತ. ಕಿವಿಗೆ ನೀರು ಹೋಗಿದ್ದರೆ ತಲೆ ಓರೆ ಮಾಡಿ ಇಳಿಸಿ. ಕಡ್ಡಿ ಹಾಕಬೇಡಿ.

ಹಂತ 8: ಪಕ್ಕದ ಬಿಸಿ ತೊಟ್ಟಿ

ಕೆಲವು ಕಡೆ ಕೊಳದ ಪಕ್ಕ ಬಿಸಿನೀರಿನ ಸಣ್ಣ ತೊಟ್ಟಿ ಇರುತ್ತದೆ. 40 ಡಿಗ್ರಿ ಮೀರಿದ್ದರೆ ಇಳಿಯಬೇಡಿ. ಹತ್ತು ನಿಮಿಷ ಕೂತು, ನಿಧಾನವಾಗಿ ಏಳಿ. ಮಕ್ಕಳು, ಗರ್ಭಿಣಿಯರು, ಹೃದಯದ ತೊಂದರೆ ಇರುವವರು ದೂರ ಇರಲಿ.

ಮಕ್ಕಳು, ಹಿರಿಯರು, ಕಾಯಿಲೆ ಇರುವವರು

ಮಕ್ಕಳ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಅದಕ್ಕೆ ಬೇಗ ತಣ್ಣಗಾಗುತ್ತಾರೆ. ಆಟದ ಅಮಲಿನಲ್ಲಿ "ಚಳಿ ಇಲ್ಲ, ಇಲ್ಲ" ಎನ್ನುತ್ತಲೇ ಇರುತ್ತಾರೆ. ಮಾತು ಕೇಳಬೇಡಿ, ತುಟಿ ನೋಡಿ. ನೀಲಿಗಟ್ಟಿದರೆ, ಹಲ್ಲು ಕಟಕಟ ಎಂದರೆ ಎತ್ತಿಕೊಂಡು ಬನ್ನಿ. ದೊಡ್ಡವರು ಎದ್ದು ತಾವು ಒರೆಸಿಕೊಳ್ಳುವಾಗ ಮಕ್ಕಳು ಒದ್ದೆಯಲ್ಲಿ ನಿಲ್ಲಬಾರದು, ಮೊದಲು ಅವರ ಸರದಿ.

ಆಸ್ತಮಾ ಇರುವವರಿಗೆ ನೀರಿನ ಮೇಲಿನ ತೇವದ ಗಾಳಿ ಹಿತವೇ. ತೊಂದರೆ ಕೊಡುವುದು ಹೊರಗಿನ ತಣ್ಣನೆಯ ಒಣ ಗಾಳಿ. ಇನ್ಹೇಲರ್ ಚೀಲದ ಮೇಲಿನ ಜೇಬಿನಲ್ಲಿರಲಿ. ರಕ್ತದೊತ್ತಡ, ಹೃದಯದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಿ. ಭೇದಿ ಆಗುತ್ತಿದ್ದರೆ ಯಾರೂ ಕೊಳಕ್ಕಿಳಿಯಬಾರದು. ಕ್ರಿಪ್ಟೋಸ್ಪೊರಿಡಿಯಂ ಎಂಬ ರೋಗಾಣು ಕ್ಲೋರಿನ್ ಇರುವ ನೀರಿನಲ್ಲೂ ದಿನಗಟ್ಟಲೆ ಬದುಕುತ್ತದೆ.

ಸ್ವಂತ ಕೊಳ ಇದ್ದರೆ

ಕೊಳದ ನೀರು ಬಿಸಿ ಮಾಡುವುದು ದೊಡ್ಡ ಖರ್ಚು. ಆ ಶಾಖ ಕಳೆದುಕೊಳ್ಳುವುದು ಬಲು ಸುಲಭ. 8 ಮೀಟರ್ ಉದ್ದ, 5 ಮೀಟರ್ ಅಗಲ, 1.25 ಮೀಟರ್ ಆಳದ ಕೊಳದಲ್ಲಿ 50,000 ಲೀಟರ್ ನೀರಿರುತ್ತದೆ. ಅದನ್ನು 1 ಡಿಗ್ರಿ ಏರಿಸಲು ಸುಮಾರು 58 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು. 18ರಿಂದ 28ಕ್ಕೆ ಏರಿಸಲು 580 ಯೂನಿಟ್. ಗಂಟೆಗೆ 12 ಯೂನಿಟ್ ಶಾಖ ಕೊಡುವ ಹೀಟ್ ಪಂಪಿಗೆ ಇದು ಎರಡು ದಿನದ ಕೆಲಸ, ನಡುವೆ ಸೋರಿಹೋಗುವುದು ಬೇರೆ. ಶನಿವಾರ ಈಜಬೇಕೆಂದರೆ ಬುಧವಾರವೇ ಸ್ವಿಚ್ ಹಾಕಿ.

ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನೇ ಎಳೆದು ನೀರಿಗೆ ಕೊಡುವುದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಹಲವು ಯೂನಿಟ್ ಶಾಖ ಸಿಗುತ್ತದೆ. ಹದವಾದ ಚಳಿಗೆ ಇದೇ ಸರಿ. ಗಾಳಿ 10 ಡಿಗ್ರಿಗಿಂತ ಕೆಳಗಿಳಿದರೆ ಅದರ ಶಕ್ತಿ ಕುಗ್ಗುತ್ತದೆ, ಹಾಗಾಗಿ ರಾತ್ರಿಗಿಂತ ಹಗಲಿನಲ್ಲಿ ಓಡಿಸಿ. ಅಪರೂಪಕ್ಕೆ ಈಜುವವರಿಗೆ, ಬೇಗ ಬಿಸಿ ಬೇಕೆನ್ನುವವರಿಗೆ ಗ್ಯಾಸ್ ಹೀಟರ್ ಅನುಕೂಲ.

ಬಯಲು ಕೊಳದ ಶಾಖ ಹೆಚ್ಚಾಗಿ ಹೋಗುವುದು ಆವಿಯಾಗಿ. ಮೇಲಿನ ಕೊಳದಲ್ಲಿ ಒಂದು ರಾತ್ರಿ ನೀರು 5 ಮಿಲಿಮೀಟರ್ ಇಳಿದರೆ 200 ಲೀಟರ್ ಆವಿಯಾಗಿದೆ ಎಂದರ್ಥ. ಅದರ ಜೊತೆ ಕೊಳ ಸುಮಾರು 2 ಡಿಗ್ರಿ ತಣ್ಣಗಾಗುತ್ತದೆ. ಇದಕ್ಕೆ ಮದ್ದು ಹೊದಿಕೆ. ದೊಡ್ಡ ಹೀಟರಿಗೆ ಹಣ ಸುರಿಯುವ ಮೊದಲು ಒಂದು ಒಳ್ಳೆಯ ಹೊದಿಕೆ ಕೊಳ್ಳಿ. ಗಾಳಿ ಬೀಸುವ ಕಡೆ ಬೇಲಿಯೋ ಗಿಡಗಳ ಸಾಲೋ ಇದ್ದರೆ ಇನ್ನೂ ಒಳ್ಳೆಯದು.

ಬೆಚ್ಚಗಿನ ನೀರಿನಲ್ಲಿ ಕ್ಲೋರಿನ್ ಬೇಗ ಖರ್ಚಾಗುತ್ತದೆ. ಚಳಿಗಾಲ ಎಂದು ಪರೀಕ್ಷೆ ಬಿಡಬೇಡಿ. ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 1ರಿಂದ 3 ಭಾಗ), ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.8 ಇರಲಿ. ಹೊದಿಕೆಯನ್ನು ಈಜುವ ಮೊದಲು ಪೂರ್ತಿ ಸುತ್ತಿಡಿ. ಶಾಖ ಉಳಿಸಲು ಅರ್ಧ ಮಾತ್ರ ಸರಿಸಿ ಈಜುವವರಿದ್ದಾರೆ. ಅದರ ಅಡಿಗೆ ಹೋದವರು, ಮುಖ್ಯವಾಗಿ ಮಕ್ಕಳು, ಮೇಲೆ ಬರಲು ಜಾಗ ಸಿಗದೆ ಸಿಕ್ಕಿಹಾಕಿಕೊಳ್ಳುತ್ತಾರೆ, ಮೇಲಿನಿಂದ ಯಾರಿಗೂ ಕಾಣುವುದೂ ಇಲ್ಲ.